ಟರಾಂಟುಲಾಗೆ ಊಟ ಆಮೇಲೆ, ಮೊದ್ಲು ನೀರು

(ಟರಾಂಟುಲಾ ಅಂದ್ರೆ ಮೈತುಂಬಾ ಕೂದ್ಲಿರೋ ದೊಡ್ಡ ಜೇಡ. ಅದನ್ನ ಸಾಕಿರೋರು, ಸಾಕ್ಬೇಕು ಅಂತಿರೋರು ಸೇರಿದ್ದ ಕಡೆ ಮಾತಾಡಿದ್ದಿದು. ಮಾತಾಡಿದ ಹಾಗೇ ಬರ್ದಿದೀನಿ, ಮಧ್ಯದಲ್ಲಿ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಟರಾಂಟುಲಾ ಸಾಕ್ತೀನಿ ಅಂದ ತಕ್ಷಣ ಯಾರೇ ಆದ್ರೂ ಕೇಳೋದು ಅದಕ್ಕೆ ಊಟ ಏನ್ ಹಾಕ್ತೀರಾ ಅಂತ. ಹೇಳ್ತೀನಿ, ಅದಕ್ಕೇ ಬಂದಿರೋದು. ಆದ್ರೆ ಊಟಕ್ಕೆ ಮುಂಚೆ ನೀರಿನ ಬಗ್ಗೆ ಮಾತಾಡ್ಲೇಬೇಕು, ಯಾಕಂದ್ರೆ ಬೆಳೆದ ಟರಾಂಟುಲಾ ಊಟ ಇಲ್ದೆ ತಿಂಗಳುಗಟ್ಲೆ ಆರಾಮಾಗಿ ಇರುತ್ತೆ, ನೀರಿಲ್ದೆ ಇರಲ್ಲ. ಸಾಕಿದ ಜೇಡ ಹಸಿವಿಂದ ಸತ್ತಿದ್ದು ನಾನು ಕೇಳಿರೋದೇ ಅಪರೂಪ. ಒಣಗಿ ಸತ್ತಿದ್ದು, ಬಿದ್ದು ಸತ್ತಿದ್ದು, ಪೊರೆ ಬಿಡುವಾಗ ಸಿಕ್ಕಾಕೊಂಡು ಸತ್ತಿದ್ದು, ಇವೇ ಜಾಸ್ತಿ. ಈ ಮೂರರ ಹಿಂದೆಯೂ ಇರೋದು ಒಂದೇ ವಿಷ್ಯ, ಅದರ ಮೈಯೊಳಗಿನ ದ್ರವ ಮತ್ತೆ ಆ ದ್ರವದ ಒತ್ತಡ. ಅದೊಂದು ಅರ್ಥ ಆಗ್ಬಿಟ್ರೆ ಉಳಿದ ಆರೈಕೆಯೆಲ್ಲ ನೀವೇ ಯೋಚ್ನೆ ಮಾಡಿ ಮಾಡ್ಬಹುದು.

ನಮ್ಮ ಕೈಯಲ್ಲಿ ಮಡಚೋಕೆ ಒಂದು ಸ್ನಾಯು ಇದೆ, ಚಾಚೋಕೆ ಇನ್ನೊಂದು ಇದೆ. ಜೇಡದ ಕಾಲಲ್ಲಿ ಮುಖ್ಯವಾದ ಎರಡು ಕೀಲುಗಳಿಗೆ ಮಡಚೋ ಸ್ನಾಯು ಇದೆ, ಚಾಚೋದಕ್ಕೆ ಸ್ನಾಯುವೇ ಇಲ್ಲ. ಮತ್ತೆ ಹೆಂಗೆ ಚಾಚುತ್ತೆ ಅಂದ್ರೆ, ಜೆಸಿಬಿ ತೋಳು ಮೇಲೇಳುತ್ತಲ್ಲ ಹಂಗೆ, ಮೈಯಲ್ಲಿರೋ ದ್ರವಾನ ಒತ್ತಿ ಕಾಲೊಳಗೆ ನುಗ್ಗಿಸುತ್ತೆ. ಆ ದ್ರವವೇ ಅದರ ರಕ್ತ, ಹೀಮೋಲಿಂಫ್ ಅಂತಾರೆ, ನಮ್ಮ ರಕ್ತದಲ್ಲಿ ಕಬ್ಬಿಣ ಮಾಡೋ ಕೆಲ್ಸಾನ ಅದರಲ್ಲಿ ತಾಮ್ರ ಮಾಡುತ್ತೆ, ಅದಕ್ಕೇ ಬಣ್ಣ ತಿಳಿನೀಲಿ. ಈಗ ಮೈಯಲ್ಲಿ ನೀರು ಕಮ್ಮಿ ಆಯ್ತು ಅಂದ್ಕೊಳ್ಳಿ, ಒತ್ತಡ ಇಳಿಯುತ್ತೆ, ಮಡಚೋ ಸ್ನಾಯುಗೆ ಎದುರು ಯಾರೂ ಇಲ್ಲ, ಎಂಟೂ ಕಾಲು ನಿಧಾನಕ್ಕೆ ಮೈ ಕೆಳಗೆ ಸುತ್ಕೊಂಡು ಬರುತ್ತೆ. ಇದಕ್ಕೇ ಸಾಕೋರು ಡೆತ್ ಕರ್ಲ್ ಅನ್ನೋದು.

ಇಲ್ಲೊಂದು ಸರಿಯಾಗಿ ನೆನಪಿಟ್ಕೊಳ್ಳಿ. ಜೇಡ ಬೆನ್ನ ಮೇಲೆ ಅಂಗಾತ ಬಿದ್ದಿದ್ರೆ ಸಾಮಾನ್ಯವಾಗಿ ಅದು ಪೊರೆ ಬಿಡ್ತಾ ಇದೆ ಅಂತ ಅರ್ಥ, ಮುಟ್ಬೇಡಿ, ಡಬ್ಬಿ ಕೂಡ ಅಲ್ಲಾಡಿಸ್ಬೇಡಿ. ಕಾಲ ಮೇಲೇ ಇದ್ದು, ಕಾಲೆಲ್ಲ ಮೈ ಕೆಳಗೆ ಸೇರ್ಕೊಂಡು, ಹೊಟ್ಟೆ, ಅಂದ್ರೆ ಮೈಯ ಹಿಂದಿನ ದುಂಡನೆ ಭಾಗ, ಸುಕ್ಕುಗಟ್ಟಿದ್ರೆ ಅದು ಎಮರ್ಜೆನ್ಸಿ. ಎಷ್ಟೋ ಜನ ಇದನ್ನ ಉಲ್ಟಾ ತಿಳ್ಕೊಂಡು, ಅಂಗಾತ ಮಲಗಿರೋದನ್ನ ಸತ್ತಿದೆ ಅಂತ ಎತ್ತಿ ಎಸೀತಾರೆ, ಕುಗ್ಗಿ ಕೂತಿರೋದನ್ನ ನಿದ್ದೆ ಮಾಡ್ತಿದೆ ಅಂತ ಬಿಟ್ಬಿಡ್ತಾರೆ. ಕುಗ್ಗಿರೋ ಜೇಡಕ್ಕೆ ಮಾಡ್ಬೇಕಾಗಿರೋದು ಇಷ್ಟೇ, ಒಂದು ತಟ್ಟೆಲಿ ಸ್ವಲ್ಪವೇ ನೀರಿಟ್ಟು ಅದರ ಬಾಯಿ ಭಾಗ ಮಾತ್ರ ನೀರಿಗೆ ತಾಗೋ ಹಾಗೆ ಮೆಲ್ಲಗೆ ಕೂರ್ಸೋದು, ಹೊಟ್ಟೆ ಹೊರಗೇ ಇರ್ಲಿ, ಯಾಕಂದ್ರೆ ಅದು ಉಸಿರಾಡೋದು ಹೊಟ್ಟೆ ತಳದಲ್ಲಿರೋ ಎರಡು ಜೊತೆ ಶ್ವಾಸಕೋಶದಿಂದ, ಅಲ್ಲಿಗೆ ನೀರು ಹೋಗ್ಬಾರ್ದು. ಬರೀ ನೀರು ಕಮ್ಮಿಯಾಗಿ ಹಂಗಾಗಿದ್ರೆ ಕೆಲವು ಗಂಟೆಲಿ ಕಾಲು ಬಿಚ್ಕೊಳ್ಳೋಕೆ ಶುರುವಾಗುತ್ತೆ. ಒದ್ದೆ ಟಿಶ್ಯೂ ಹಾಸಿದ ಡಬ್ಬಿಲಿ ದಿನಗಟ್ಲೆ ಇಡೋದನ್ನ ಐಸಿಯು ಅಂತ ಕರೀತಾರೆ, ನಾನು ಹೇಳಲ್ಲ ಅದನ್ನ, ಅಷ್ಟು ಒದ್ದೇಲಿ ಗಾಳಿನೂ ಆಡದೆ ಇದ್ರೆ ಜೇಡ ಇನ್ನೂ ಸೊರಗುತ್ತೆ.

ಹಾಗಾಗಿ ಮೊದಲನೇ ಸಾಮಾನು ನೀರಿನ ಬಟ್ಲು. ಬೆಳೆದ ಜೇಡಕ್ಕೆ ಯಾವಾಗ್ಲೂ, ಮರುಭೂಮಿ ಕಡೆಯಿಂದ ಬಂದ ಜಾತಿ ಆದ್ರೂ, ಅಗಲವಾದ, ಆಳ ಇಲ್ದ, ಮಗುಚದ ಒಂದು ಬಟ್ಲು. ಮುಳುಗಿ ಸಾಯುತ್ತೇನೋ ಅಂತ ಹೆದರಿ ಬಟ್ಲಲ್ಲಿ ಸ್ಪಾಂಜ್ ಹಾಕ್ತಾರೆ, ನೀರಿನ ಬದಲು ಜೆಲ್ ಹಾಕ್ತಾರೆ, ಎರಡೂ ಬೇಡ. ಸ್ಪಾಂಜ್ ಬ್ಯಾಕ್ಟೀರಿಯಾ ಬೆಳೆಯೋ ಜಾಗ, ಜೆಲ್ ಕುಡಿಯೋಕೆ ಅದರ ಬಾಯಿ ಮಾಡಿರೋದೇ ಅಲ್ಲ. ಮೈತುಂಬಾ ಕೂದ್ಲಿರೋದ್ರಿಂದ ಟರಾಂಟುಲಾ ನೀರಲ್ಲಿ ತೇಲುತ್ತೆ. ಅದು ಕುಡಿಯೋದನ್ನ ರಾತ್ರಿ ಹೊತ್ತು ಮಂದ ಬೆಳಕಲ್ಲಿ ಒಮ್ಮೆ ನೋಡಿ, ಬಟ್ಲ ಅಂಚಿಗೆ ಮುಂದಿನ ಕಾಲಿಟ್ಟು, ತಲೆಭಾಗ ಪೂರ್ತಿ ಬಗ್ಗಿಸಿ, ಕೋರೆಹಲ್ಲು ಸ್ವಲ್ಪ ಅಗಲಿಸಿ ಅದರ ಹಿಂದಿರೋ ಬಾಯಿನ ನೀರಿಗೆ ಒತ್ತುತ್ತೆ, ಹಂಗೇ ಅಲ್ಲಾಡದೆ ಎಷ್ಟೋ ಹೊತ್ತು ಇರುತ್ತೆ, ಬಾಯಿ ಸುತ್ತ ಇರೋ ಕೆಂಪು ಕೂದ್ಲೆಲ್ಲ ಒದ್ದೆಯಾಗಿ ಅಂಟ್ಕೊಂಡಿರುತ್ತೆ. ನನಗಂತೂ ಅದು ಬೇಟೆ ಆಡೋದಕ್ಕಿಂತ ಇದನ್ನ ನೋಡೋಕೇ ಇಷ್ಟ.

ಬೆರಳ ಉಗುರಿನಷ್ಟೂ ಇಲ್ದ ಮರಿಗಳಿಗೆ, ಸ್ಲಿಂಗ್ ಅಂತಾರಲ್ಲ, ಅದಕ್ಕೆ ಬಟ್ಲು ಇಡೋಕೆ ಜಾಗ ಇರಲ್ಲ. ಅದಕ್ಕೆ ಮಣ್ಣಿನ ಒಂದು ಮೂಲೆ ಒದ್ದೆ ಇಡಿ, ಡಬ್ಬಿ ಗೋಡೆಗೆ ಒಂದೆರಡು ಹನಿ ಬಿಡಿ. ಮರಿಗಳ ಚರ್ಮದ ಮೇಲೆ ದೊಡ್ಡದರ ಹಾಗೆ ಮೇಣದ ಪದರ ಗಟ್ಟಿಯಾಗಿರಲ್ಲ, ಬೇಗ ಒಣಗುತ್ತೆ, ದೊಡ್ಡದು ತಡ್ಕೊಳ್ಳೋ ಬರ ಮರಿಗೆ ತಡ್ಕೊಳ್ಳೋಕಾಗಲ್ಲ. ಮತ್ತೆ ಜೇಡದ ಮೇಲೇ ಸ್ಪ್ರೇ ಹೊಡೀಬೇಡಿ, ಅದಕ್ಕೆ ಗಾಳಿ ಬೀಸಿದ್ರೇ ಕಿರಿಕಿರಿ ಆಗುತ್ತೆ, ನೀರೆರಚಿದ್ರೆ ಹೇಳೋದೇ ಬೇಡ.

ಸರಿ, ಊಟ. 1705ರಲ್ಲಿ ಮರಿಯಾ ಸಿಬಿಲ್ಲಾ ಮೇರಿಯನ್ ಅನ್ನೋ ಚಿತ್ರಕಾರ್ತಿ ಸುರಿನಾಮ್‌ನಲ್ಲಿ ನೋಡಿದ ಕೀಟಗಳ ಚಿತ್ರಗಳನ್ನ ಪ್ರಕಟ ಮಾಡಿದ್ರು, ಅದರಲ್ಲೊಂದು ಚಿತ್ರದಲ್ಲಿ ದೊಡ್ಡ ಜೇಡವೊಂದು ಹಮ್ಮಿಂಗ್‌ಬರ್ಡ್ ತಿಂತಾ ಇದೆ. ಅಲ್ಲಿಂದ ಇವತ್ತಿನವರೆಗೂ ಜನಕ್ಕೆ ಇದು ಹಕ್ಕಿ ತಿನ್ನೋ ಜೇಡ. ಕಾಡಲ್ಲಿ ಒಮ್ಮೊಮ್ಮೆ ಸಣ್ಣ ಕಪ್ಪೆ, ಹಲ್ಲಿ, ಇಲಿಮರಿ ಹಿಡಿಯೋದು ಹೌದು, ಆದ್ರೆ ದಿನದ ಊಟ ಹುಳ ಹುಪ್ಪಟೆಯೇ. ಮನೇಲಿ ಇಲಿಮರಿ ಹಾಕೋ ಅವಶ್ಯಕತೆ ಏನೇನೂ ಇಲ್ಲ. ಅಷ್ಟು ದೊಡ್ಡದನ್ನ ಪೂರ್ತಿ ತಿನ್ನೋಕೆ ಆಗದೆ ಉಳ್ಸುತ್ತೆ, ಉಳಿದಿದ್ದು ಆ ಚಿಕ್ಕ ಡಬ್ಬಿಲಿ ಕೊಳೆಯುತ್ತೆ, ವಿಡಿಯೋ ಮಾಡೋಕೆ ಅಂತ ಹಾಕೋದನ್ನ ನೋಡಿದ್ರೆ ನನಗೆ ನಿಜವಾಗ್ಲೂ ಬೇಜಾರಾಗುತ್ತೆ, ಇಲಿಗೂ ಹಿಂಸೆ ಜೇಡಕ್ಕೂ ಉಪಯೋಗ ಇಲ್ಲ.

ಕ್ರಿಕೆಟ್ ಹುಳ, ಡ್ಯೂಬಿಯಾ ಜಿರಳೆ, ಮೀಲ್‌ವರ್ಮ್, ಸೂಪರ್‌ವರ್ಮ್ (ಇವೆರಡೂ ದುಂಬಿಯ ಮರಿಹುಳಗಳು), ಈ ನಾಲ್ಕರಲ್ಲಿ ಯಾವ್ದಾದ್ರೂ ನಡೆಯುತ್ತೆ, ಬದಲಾಯಿಸಿ ಬದಲಾಯಿಸಿ ಕೊಟ್ರೆ ಒಳ್ಳೇದು. ಕ್ರಿಕೆಟ್ ಸದಾ ಓಡಾಡ್ತಿರುತ್ತೆ ಹಾಗಾಗಿ ಜೇಡ ಬೇಗ ಗುರುತಿಸುತ್ತೆ, ಆದ್ರೆ ವಾಸನೆ, ಗಲಾಟೆ, ಮತ್ತೆ ಅದಕ್ಕೆ ಕಚ್ಚೋ ಬುದ್ಧಿ ಇದೆ. ಡ್ಯೂಬಿಯಾ ಸದ್ದು ಮಾಡಲ್ಲ, ಸಾಕೋಕೆ ಸುಲಭ, ಆದ್ರೆ ಹಾಕಿದ ತಕ್ಷಣ ಮಣ್ಣಲ್ಲಿ ಹೂತ್ಕೊಂಡು ಅಲ್ಲಾಡದೆ ಕೂರುತ್ತೆ, ಜೇಡಕ್ಕೆ ಗೊತ್ತೇ ಆಗಲ್ಲ. ಮೀಲ್‌ವರ್ಮ್ ಕೂಡ ಅಷ್ಟೇ, ಮಣ್ಣೊಳಗೆ ಹೋಗಿ ಕೆಲವು ವಾರ ಆದ್ಮೇಲೆ ಕಪ್ಪು ದುಂಬಿಯಾಗಿ ಮೇಲೆ ಬರುತ್ತೆ. ಅದಕ್ಕೇ ವರ್ಮ್‌ಗಳ ತಲೆ ಚಿಮಟದಲ್ಲಿ ಒತ್ತಿ ಹಾಕಿ, ಸೂಪರ್‌ವರ್ಮ್‌ಗಂತೂ ಗಟ್ಟಿ ದವಡೆ ಇದೆ, ಹಾಗೇ ಬಿಡ್ಬಾರ್ದು. ಹೊರಗಿಂದ ತೋಟದಿಂದ ಹಿಡ್ಕೊಂಡು ಬಂದ ಮಿಡತೆ ಜಿರಳೆ ಹಾಕ್ಬಹುದಾ ಅಂತ ಒಬ್ರು ಕೇಳಿದ್ರು. ಬೇಡ. ಆ ಹುಳ ಯಾವ ಔಷಧಿ ಹೊಡೆದ ಗಿಡದ ಮೇಲಿತ್ತೋ ಗೊತ್ತಿರಲ್ಲ, ಜಿರಳೆಗೆ ಸಾಯೋಕೆ ಸಾಲದ ವಿಷ ಜೇಡಕ್ಕೆ ಸಾಕಾಗುತ್ತೆ, ಮೈಯೊಳಗೆ ಪರಾವಲಂಬಿ ಹುಳ ಇದ್ರೂ ಗೊತ್ತಾಗಲ್ಲ.

ಇನ್ನೊಂದು, ಹುಳಕ್ಕೆ ನೀವು ಏನ್ ತಿನ್ನಿಸ್ತೀರೋ ಅದೇ ಜೇಡಕ್ಕೆ ಹೋಗೋದು. ಡಬ್ಬಿಲಿ ಒಣಗಿ ಹಸ್ಕೊಂಡಿರೋ ಕ್ರಿಕೆಟ್‌ನಲ್ಲಿ ಸಿಪ್ಪೆ ಬಿಟ್ರೆ ಏನಿರುತ್ತೆ ಹೇಳಿ. ಹಾಕೋಕೆ ಒಂದೆರಡು ದಿನ ಮುಂಚೆ ಅದಕ್ಕೆ ಕ್ಯಾರೆಟ್, ಸೊಪ್ಪು, ಓಟ್ಸ್ ಹಾಕಿ, ಚೆನ್ನಾಗಿ ತಿಂದು ನೀರು ತುಂಬ್ಕೊಂಡಿರೋ ಹುಳ ಜೇಡಕ್ಕೆ ಊಟವೂ ಹೌದು ನೀರೂ ಹೌದು.

ಗಾತ್ರಕ್ಕೆ ಒಂದು ಸುಲಭದ ಲೆಕ್ಕ ಇದೆ, ಹುಳ ಜೇಡದ ಹೊಟ್ಟೆಗಿಂತ ದೊಡ್ಡದಿರಬಾರ್ದು. ತೀರಾ ಚಿಕ್ಕ ಮರಿಗೆ ಜೀವಂತ ಹುಳ ಬೇಡವೇ ಬೇಡ, ಕ್ರಿಕೆಟ್ ಕಾಲೊಂದು ಕಿತ್ತು, ಇಲ್ಲಾಂದ್ರೆ ಮೀಲ್‌ವರ್ಮ್ ಒಂದು ತುಂಡು ಕತ್ತರಿಸಿ ಬಿಲದ ಬಾಯಲ್ಲಿಟ್ರೆ ಸಾಕು, ರಾತ್ರಿ ಹೊರಗೆ ಬಂದು ಎಳ್ಕೊಂಡು ಹೋಗುತ್ತೆ. ದೊಡ್ಡದಕ್ಕೆ ಹುಳ ಕೊಡುವಾಗ ಉದ್ದನೆ ಚಿಮಟ ಬಳ್ಸಿ, ಆದ್ರೆ ಕಬ್ಬಿಣದ ಚಿಮಟದ ತುದಿ ಬಾಯಿ ಹತ್ರ ಹಿಡ್ಕೊಂಡು ಕೂರ್ಬೇಡಿ, ಅದು ನುಗ್ಗಿ ಬಂದು ಚಿಮಟಾನೇ ಕಚ್ಚಿದ್ರೆ ಕೋರೆಹಲ್ಲು ಮುರಿಯಬಹುದು. ಸ್ವಲ್ಪ ದೂರದಲ್ಲಿ ಬಿಟ್ಟು ಕೈ ತೆಗೀರಿ.

ಎಂಟು ಕಣ್ಣಿದ್ರೂ ಅದಕ್ಕೆ ಬೆಳಕು ಕತ್ತಲೆ, ಏನೋ ಅಲ್ಲಾಡಿತು ಅನ್ನೋದು ಬಿಟ್ರೆ ಹೆಚ್ಚೇನೂ ಕಾಣಲ್ಲ, ಎಲ್ಲಾ ಕಾಲಿನ ಕೂದ್ಲಲ್ಲೇ ಗೊತ್ತಾಗೋದು. ಹುಳ ಮಣ್ಣ ಮೇಲೆ ಎರಡು ಹೆಜ್ಜೆ ಇಟ್ರೆ ಜೇಡದ ಮುಂದಿನ ಕಾಲೊಂದು ಸಣ್ಣಗೆ ಎದ್ದು ಹಂಗೇ ನಿಲ್ಲುತ್ತೆ. ಇನ್ನೊಂದು ಹೆಜ್ಜೆ, ಜೇಡ ತಿರುಗಿ ಕೂರುತ್ತೆ. ಆಮೇಲೆ ಆಗೋದು ಕಣ್ಣಿಗೆ ಸಿಗಲ್ಲ, ಸಿಕ್ಕಾಗ ಎರಡು ಕೋರೆಹಲ್ಲು ಮೇಲಿಂದ ಕೆಳಗೆ ಇಳಿದಿರುತ್ತೆ. ಮನೆ ಮೂಲೆ ಜೇಡದ ಹಲ್ಲು ಇಕ್ಕಳದ ಹಾಗೆ ಅಡ್ಡಡ್ಡ ಕೂಡುತ್ತೆ, ಟರಾಂಟುಲಾದ್ದು ಎರಡೂ ಒಟ್ಟಿಗೆ ಮೇಲಿಂದ ಕೆಳಕ್ಕೆ ಚುಚ್ಚುತ್ತೆ. ಅದಕ್ಕೆ ಗಟ್ಟಿ ಪದಾರ್ಥ ನುಂಗೋಕಾಗಲ್ಲ, ಜೀರ್ಣರಸ ಹುಳದ ಮೇಲೇ ಬಿಟ್ಟು, ಅರೆದು ಅರೆದು, ಕರಗಿದ್ದನ್ನ ಹೀರುತ್ತೆ. ಕೆಲವು ಊಟಕ್ಕೆ ಮುಂಚೆ ನೆಲದ ಮೇಲೆ ಬಲೆ ಚಾಪೆ ಹಾಸ್ಕೊಳ್ಳುತ್ತೆ, ಅದರ ಮೇಲೆ ಹುಳ ಇಟ್ಟು ಸುತ್ತ ಸುತ್ತಿ ನೇಯುತ್ತೆ, ಹಂಗೆ ನೇಯುವಾಗ ಹಿಂಭಾಗ ಆಡೋದು ನೋಡೋಕೆ ಬಹಳ ಚೆಂದ. ಕೊನೆಗೆ ಉಳಿಯೋದು ಸಿಪ್ಪೆಯ ಸಣ್ಣ ಉಂಡೆ, ಬೋಲಸ್ ಅಂತಾರೆ, ಎಷ್ಟೋ ಸಲ ಅದೇ ತಂದು ನೀರಿನ ಬಟ್ಲಲ್ಲಿ ಹಾಕಿರುತ್ತೆ. ಅದನ್ನ ಒಂದೆರಡು ದಿನದಲ್ಲಿ ತೆಗೀಲೇಬೇಕು, ಇಲ್ಲಾಂದ್ರೆ ಬೂಷ್ಟು, ಅದರ ಹಿಂದೆ ನುಸಿ.

ಎಷ್ಟು ದಿನಕ್ಕೊಂದ್ಸಲ? ಮರಿಗೆ ವಾರಕ್ಕೊಂದ್ಸಲ ಎರಡು ಸಲ, ಮಧ್ಯಮ ಗಾತ್ರಕ್ಕೆ ವಾರಕ್ಕೊಂದ್ಸಲ, ಬೆಳೆದಿದ್ದಕ್ಕೆ ಹತ್ತು ಹದಿನೈದು ದಿನಕ್ಕೊಂದು. ಇದನ್ನ ಅಂದಾಜಿಗೆ ಅಂತ ಹೇಳಿದೀನಿ, ಕ್ಯಾಲೆಂಡರ್ ನೋಡಿ ಊಟ ಹಾಕ್ಬೇಡಿ, ಹೊಟ್ಟೆ ನೋಡಿ ಹಾಕಿ. ಮುಂದಿನ ಭಾಗದ ಮೇಲೆ ಗಟ್ಟಿ ಚಿಪ್ಪಿರುತ್ತಲ್ಲ, ಹೊಟ್ಟೆ ಅದಕ್ಕಿಂತ ಸ್ವಲ್ಪ ದೊಡ್ಡದಿದ್ರೆ, ಒಂದೂವರೆ ಪಟ್ಟು ತನಕ, ಜೇಡ ಚೆನ್ನಾಗಿದೆ. ಚಿಪ್ಪಿಗಿಂತ ಚಿಕ್ಕದಾಗಿ ಸುಕ್ಕಾದ್ರೆ ಮೊದ್ಲು ನೀರು ಆಮೇಲೆ ಊಟ. ಎರಡು ಪಟ್ಟು ಆಗಿ ನೆಲಕ್ಕೆ ತಾಗ್ತಾ ಇದ್ರೆ ಊಟ ನಿಲ್ಸಿ. ದಪ್ಪಗಿದ್ರೆ ಮುದ್ದಾಗಿರುತ್ತೆ ನಿಜ, ಆದ್ರೆ ಆ ಹೊಟ್ಟೆ ಮೇಲೆ ಚಿಪ್ಪಿಲ್ಲ, ತೆಳ್ಳನೆ ಚರ್ಮ, ಒಳಗೆ ಒತ್ತಡದಲ್ಲಿರೋ ದ್ರವ. ಎಳ್ಕೊಂಡು ಹೋಗುವಾಗ ಚೂಪಾದ ಕಲ್ಲಿಗೆ ತಾಗಿದ್ರೂ ಸಾಕು.

ಮನೆ ಅಂದ್ರೆ ಟ್ಯಾಂಕ್ ವಿಷ್ಯಕ್ಕೂ ಇದೇ ಕಾರಣಕ್ಕೆ ಬರ್ತೀನಿ. ಎತ್ತರದ ಗಾಜಿನ ಟ್ಯಾಂಕ್ ನೋಡೋಕೆ ಚೆನ್ನಾಗಿರುತ್ತೆ ಅಂತ ತಂದು ತಳದಲ್ಲಿ ಎರಡಿಂಚು ಮಣ್ಣು ಹಾಕಿ ಅದರಲ್ಲಿ ನೆಲದಲ್ಲಿರೋ ಜೇಡ ಬಿಡ್ತಾರೆ. ಅದು ರಾತ್ರಿ ಗಾಜು ಹತ್ತುತ್ತೆ, ಮೇಲೆ ಜಾಲರಿ ಮುಚ್ಚಳ ಇದ್ರೆ ಕಾಲುಗುರು ಅದರಲ್ಲಿ ಸಿಕ್ಕಾಕೊಳ್ಳುತ್ತೆ, ನೇತಾಡಿ ಬೀಳುತ್ತೆ, ಹೊಟ್ಟೆ ಒಡೆದ್ರೆ ಮುಗೀತು, ಒತ್ತಡ ಇರೋದ್ರಿಂದ ರಕ್ತ ನಿಲ್ಲೋದೇ ಕಷ್ಟ. ನೆಲದ ಜಾತಿಗಳಿಗೆ ಮಣ್ಣಿನ ಮೇಲಿಂದ ಮುಚ್ಚಳದವರೆಗೆ ಅದರ ಕಾಲಗಲದ (ಕಾಲು ಚಾಚಿದಾಗ ಒಂದು ತುದಿಯಿಂದ ಇನ್ನೊಂದು ತುದಿವರೆಗಿನ ಅಳತೆ) ಒಂದೂವರೆ ಪಟ್ಟಿಗಿಂತ ಹೆಚ್ಚು ಎತ್ತರ ಬೇಡ. ಟ್ಯಾಂಕ್ ಎತ್ತರ ಇದ್ರೆ ಮಣ್ಣು ತುಂಬಿ, ಕೋಕೋಪೀಟ್ ಆಗುತ್ತೆ, ಗೊಬ್ಬರ ಔಷಧಿ ಸೇರಿಸದ ತೋಟದ ಮಣ್ಣು ಆಗುತ್ತೆ, ಎರಡೂ ಬೆರೆಸಿ ಚೆನ್ನಾಗಿ ಒತ್ತಿದ್ರೆ ಇನ್ನೂ ಒಳ್ಳೇದು, ಬಿಲ ತೋಡಿದ್ರೆ ಕುಸಿಯಲ್ಲ. ಅಡಗೋಕೆ ಒಂದು ತೊಗಟೆ ತುಂಡು ಅರ್ಧ ಹೂತಿಡಿ. ಚೂಪು ಕಲ್ಲು, ಮುಳ್ಳಿನ ಗಿಡ, ಪ್ಲಾಸ್ಟಿಕ್ ತಲೆಬುರುಡೆ ಇದೆಲ್ಲ ನಿಮ್ಮ ಕಣ್ಣಿಗೆ ಬೇಕಾದ್ದು, ಅದಕ್ಕೇನೂ ಬೇಕಿಲ್ಲ.

ಮರದ ಮೇಲಿರೋ ಜಾತಿಗಳು, ಅವಿಕ್ಯುಲೇರಿಯಾ, ಕ್ಯಾರಿಬೆನಾ ತರದ್ದು, ಅದಕ್ಕೆ ಎತ್ತರ ಬೇಕು, ನಿಲ್ಸಿದ ತೊಗಟೆ ಬೇಕು. ಇವುಗಳ ಬಗ್ಗೆ ಹಳೇ ಕೇರ್ ಶೀಟ್‌ಗಳಲ್ಲಿ ತೇವಾಂಶ ಶೇಕಡಾ ಎಂಭತ್ತು ಇರ್ಬೇಕು ಅಂತೆಲ್ಲ ಬರ್ದಿರೋದನ್ನ ನಂಬಿ ಡಬ್ಬಿ ಮುಚ್ಚಿ ದಿನಾ ಸ್ಪ್ರೇ ಹೊಡೆದು ಎಷ್ಟೋ ಮರಿಗಳು ಸತ್ತಿವೆ. ಇವಕ್ಕೆ ಬೇಕಾಗಿರೋದು ಗಾಳಿ. ಡಬ್ಬಿಯ ಎದುರುಬದುರು ಗೋಡೆಯಲ್ಲಿ ತೂತು ಮಾಡಿ, ಒಂದು ಕಡೆಯಿಂದ ಬಂದ ಗಾಳಿ ಇನ್ನೊಂದು ಕಡೆ ಹೋಗ್ಬೇಕು, ಮೇಲೊಂದು ಬಟ್ಲು ನೀರು, ಸಾಕು. ಥೆರಫೋಸಾ ಬ್ಲಾಂಡಿ, ಗೋಲಿಯತ್ ಅಂತಾರಲ್ಲ, ಕಾಲಗಲ 28 ಸೆಂಟಿಮೀಟರ್‌ವರೆಗೂ ದಾಖಲಾಗಿರೋದು, ಅದಕ್ಕೆ ಮಣ್ಣು ಒಳಗೆ ತೇವ ಇರ್ಬೇಕು, ಅದೂ ಮೂಲೆಲಿ ನೀರು ಸುರಿದು ಅಡಿಯಿಂದ ತೇವ ಮಾಡೋದು, ಮೇಲೆ ಒಣಗಿದ್ರೆ ಪರವಾಗಿಲ್ಲ. ಗ್ರಾಮೋಸ್ಟೋಲಾ ಜಾತಿಯ ಚಿಲಿಯನ್ ರೋಸ್‌ಗೆ ಒದ್ದೆ ಮಣ್ಣು ಕಂಡ್ರೆ ಆಗಲ್ಲ, ಕಾಲೆತ್ತಿ ಎತ್ತಿ ಗೋಡೆ ಮೇಲೇ ಇರುತ್ತೆ.

ಬಿಸಿ ಬಗ್ಗೆ ಬೇಗ ಹೇಳ್ಬಿಡ್ತೀನಿ. ನೀವು ಸ್ವೆಟರ್ ಇಲ್ದೆ ಬೆವರದೆ ಕೂರೋ ಕೋಣೆ, 22ರಿಂದ 27 ಡಿಗ್ರಿ, ಅದಕ್ಕೂ ಸರಿ. ಟ್ಯಾಂಕ್ ತಳಕ್ಕೆ ಹೀಟ್ ಮ್ಯಾಟ್ ಇಡ್ಬೇಡಿ, ಕಾಡಲ್ಲಿ ಬಿಸಿಯಾದ್ರೆ ಕೆಳಗೆ ತೋಡ್ಕೊಂಡು ಹೋದ್ರೆ ತಂಪು ಸಿಗುತ್ತೆ, ಇಲ್ಲಿ ಕೆಳಗೆ ಹೋದಷ್ಟೂ ಬಿಸಿ ಆದ್ರೆ ಅದಕ್ಕೆ ದಾರಿ ಎಲ್ಲಿ. ಕೋಣೇನೇ ಬೆಚ್ಚಗಿಡಿ. ದೀಪ ಏನೂ ಬೇಡ.

ಈಗ ಪೊರೆ. ಇದಕ್ಕೆ ಸ್ವಲ್ಪ ಹೆಚ್ಚು ಹೊತ್ತು ತಗೋತೀನಿ, ಯಾಕಂದ್ರೆ ತಿನ್ನದೆ ಕೂತ ಜೇಡದ ಬಗ್ಗೆ ಬರೋ ಗಾಬರಿಯೆಲ್ಲ ಹೆಚ್ಚಾಗಿ ಇಲ್ಲಿಂದಾನೇ. ಜೇಡ ಬೆಳೀಬೇಕು ಅಂದ್ರೆ ಹಳೇ ಚರ್ಮ ಬಿಡ್ಬೇಕು. ಚಿಕ್ಕ ಮರಿ ತಿಂಗಳು ಎರಡು ತಿಂಗಳಿಗೊಮ್ಮೆ ಬಿಡುತ್ತೆ, ಬೆಳೆದ ಹೆಣ್ಣು ವರ್ಷಕ್ಕೊಂದ್ಸಲ, ಕೆಲವು ಎರಡು ವರ್ಷಕ್ಕೊಂದ್ಸಲ. ಅದಕ್ಕೆ ಮುಂಚೆ ವಾರಗಟ್ಲೆ, ದೊಡ್ಡದಾದ್ರೆ ತಿಂಗಳುಗಟ್ಲೆ ಊಟ ಬಿಡುತ್ತೆ, ಬಣ್ಣ ಮಂಕಾಗುತ್ತೆ, ಬಿಲದ ಬಾಯಿ ಮುಚ್ಕೊಳ್ಳುತ್ತೆ. ಹೊಟ್ಟೆ ಮೇಲೆ ಕೂದ್ಲುದುರಿ ಬೋಳಾಗಿರೋ ಜಾಗ ಇದ್ರೆ ಅಲ್ಲಿ ನೋಡಿ, ಮಾಮೂಲಿ ಮಾಸಲು ಬಣ್ಣ ಇರೋದು ಹೊಳೆಯೋ ಕಪ್ಪಾಗುತ್ತೆ, ಒಳಗೆ ಬೆಳೆದಿರೋ ಹೊಸ ಕೂದ್ಲು ತೆಳು ಚರ್ಮದಿಂದ ಕಾಣ್ತಿರೋದದು. ಆ ಕಪ್ಪು ಕಂಡ್ರೆ ಊಟ ನಿಲ್ಸಿ, ಹಾಕಿದ್ದ ಹುಳ ಇದ್ರೆ ತೆಗೀರಿ, ಬಟ್ಲು ತುಂಬಿಸಿಡಿ.

ಆಮೇಲೊಂದು ದಿನ ಬಲೆಯ ಹಾಸಿಗೆ ಮಾಡ್ಕೊಂಡು ಅಂಗಾತ ಮಲಗುತ್ತೆ. ಮೊದ್ಲು ಮುಂದಿನ ಚಿಪ್ಪಿನ ಅಂಚು ಸೀಳಿ ಮುಚ್ಚಳದ ಹಾಗೆ ಬಿಚ್ಕೊಳ್ಳುತ್ತೆ, ದ್ರವಾನ ಹೊಟ್ಟೆಯಿಂದ ಮುಂದಕ್ಕೆ ಒತ್ತಿ ಒತ್ತಿ ಚಿಪ್ಪನ್ನ ಮೇಲೆತ್ತೋದು, ಹೊಟ್ಟೆ ಪಕ್ಕದ ಚರ್ಮ ಸೀಳುತ್ತೆ, ಆಮೇಲೆ ಒಂದೊಂದೇ ಕಾಲು, ಗ್ಲೌಸ್‌ನಿಂದ ಬೆರಳು ಬರೋ ಹಾಗೆ, ಸಣ್ಣಗೆ ಮಿಡೀತಾ ಮಿಡೀತಾ ಹೊರಗೆ ಬರುತ್ತೆ. ಎಂಟು ಕಾಲು, ಮುಂದಿನ ಎರಡು ಕೈಯಂಥದ್ದು, ಕೋರೆಹಲ್ಲು, ಬಾಯೊಳಗಿನ ಹೀರೋ ಹೊಟ್ಟೆಯ ಒಳಪದರ, ಶ್ವಾಸಕೋಶದ ಹಾಳೆಗಳ ಪದರ, ಎಲ್ಲಾ ಹಳೇದು ಕಳಚುತ್ತೆ. ಮರಿ ಅರ್ಧ ಗಂಟೆ ಒಂದು ಗಂಟೇಲಿ ಮುಗಿಸುತ್ತೆ, ದೊಡ್ಡದಕ್ಕೆ ಹಲವು ಗಂಟೆ. ಇಡೀ ಕೆಲಸ ನಡೆಯೋದು ಆ ದ್ರವದ ಒತ್ತಡದ ಮೇಲೆ, ಅದಕ್ಕೇ ಮೈಯಲ್ಲಿ ನೀರಿಲ್ದಿದ್ರೆ ಕಾಲು ಅರ್ಧಕ್ಕೇ ಸಿಕ್ಕಾಕೊಳ್ಳುತ್ತೆ. ತಿಂಗಳ ಹಿಂದೆ ನೀವು ತುಂಬಿಸದ ಬಟ್ಲಿನ ಪರಿಣಾಮ ಆ ದಿನ ಕಾಣೋದು. ಆ ಹೊತ್ತಲ್ಲಿ ಒಂದು ಹಸಿದ ಕ್ರಿಕೆಟ್ ಡಬ್ಬಿಲಿದ್ರೆ ಮೆತ್ತಗಿರೋ ಜೇಡಾನ ಅದೇ ತಿಂದ್ಬಿಡುತ್ತೆ, ಉತ್ಪ್ರೇಕ್ಷೆ ಮಾಡ್ತಿಲ್ಲ.

ಪೊರೆ ಬಿಟ್ಟ ಜೇಡದ ಕೋರೆಹಲ್ಲು ಬೆಳ್ಳಗೆ ಹಾಲಿನ ಬಣ್ಣ ಇರುತ್ತೆ, ಆಮೇಲೆ ಕೆಂಪಾಗುತ್ತೆ, ಆಮೇಲೆ ಕಪ್ಪು. ಕಪ್ಪಾಗೋವರೆಗೂ ಊಟ ಬೇಡ, ಮರಿಗೆ ನಾಲ್ಕೈದು ದಿನ, ದೊಡ್ಡದಕ್ಕೆ ವಾರದಿಂದ ಎರಡು ವಾರ. ಬಿಟ್ಟ ಪೊರೆ ಎಸೀಬೇಡಿ, ಒದ್ದೆ ಇರುವಾಗ್ಲೇ ಬಿಡಿಸಿ ಹೊಟ್ಟೆ ಭಾಗದ ಒಳಗಡೆ, ಮೇಲಿನ ಜೊತೆ ಶ್ವಾಸಕೋಶದ ಮಧ್ಯ ನೋಡಿದ್ರೆ ಹೆಣ್ಣಿಗೆ ವೀರ್ಯ ಕೂಡಿಡೋ ಸಣ್ಣ ಚೀಲ ಕಾಣುತ್ತೆ, ಗಂಡಿಗೆ ಅದಿರಲ್ಲ. ಕಾಲು ಕಳ್ಕೊಂಡಿರೋ ಜೇಡಕ್ಕೂ ಇದೇ ದಾರಿ, ಪೊರೆ ಬಿಟ್ಟಾಗ ಚಿಕ್ಕ ಕಾಲೊಂದು ಬಂದಿರುತ್ತೆ, ಮುಂದಿನ ಪೊರೆಗಳಲ್ಲಿ ಬೆಳೆದು ಸರಿಹೋಗುತ್ತೆ.

ಪೊರೆನೂ ಇಲ್ಲ, ಏನೂ ಇಲ್ಲ, ಆದ್ರೂ ತಿಂತಿಲ್ಲ ಅಂತೀರಾ? ಚಿಲಿಯನ್ ರೋಸ್ ಆದ್ರೆ ಅದರ ಸ್ವಭಾವವೇ ಅದು, ವರ್ಷದವರೆಗೂ ಬಿಟ್ಟಿರೋದಿದೆ. ಹೊಟ್ಟೆ ದುಂಡಗಿದ್ರೆ, ಬಟ್ಲಲ್ಲಿ ನೀರಿದ್ರೆ, ಸುಮ್ನಿರಿ. ಹದಿನೈದು ದಿನಕ್ಕೊಮ್ಮೆ ಒಂದು ಹುಳ ಹಾಕಿ ನೋಡಿ, ರಾತ್ರಿ ಕಳೆದ್ರೂ ತಿನ್ನದಿದ್ರೆ ತೆಗೀರಿ. ಗಂಡಾಗಿದ್ದು ಮುಂದಿನ ಕೈ ತುದಿ ಬಾಕ್ಸಿಂಗ್ ಗ್ಲೌಸ್ ತರ ಉಬ್ಬಿದ್ರೆ ಅದು ಪ್ರಾಯಕ್ಕೆ ಬಂದಿದೆ, ಇನ್ನು ಅದಕ್ಕೆ ಊಟದ ಮೇಲೆ ಮನಸ್ಸಿಲ್ಲ, ಹೆಣ್ಣು ಹುಡುಕ್ತಾ ಓಡಾಡೋದೇ ಕೆಲಸ. ಗಂಡು ಹಾಗಾದ್ಮೇಲೆ ಕೆಲವು ತಿಂಗಳು, ಹೆಚ್ಚಂದ್ರೆ ಒಂದೆರಡು ವರ್ಷ. ಬ್ರಾಕಿಪೆಲ್ಮಾ ಜಾತಿಯ ಹೆಣ್ಣು ಇಪ್ಪತ್ತು ವರ್ಷ ದಾಟುತ್ತೆ, ಮರಿ ತಗೊಳ್ಳೋಕೆ ಮುಂಚೆ ಆ ಇಪ್ಪತ್ತು ವರ್ಷದ ಲೆಕ್ಕಾನೂ ಮನಸ್ಸಲ್ಲಿಟ್ಕೊಳ್ಳಿ.

ಕೈಮೇಲೆ ಬಿಟ್ಕೊಬಹುದಾ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ಬೇಡ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೆ ನಿಮ್ಮ ಕೈ ಒಂದು ಬಿಸಿ ನೆಲ ಅಷ್ಟೇ, ಪ್ರೀತಿ ಗೊತ್ತಾಗಲ್ಲ, ಬೆದರಿ ಓಡಿದ್ರೆ ಬೀಳೋದು ಅದು. ಅಮೆರಿಕ ಖಂಡಗಳ ಎಷ್ಟೋ ಜಾತಿಗಳು ಹಿಂಗಾಲಿಂದ ಹೊಟ್ಟೆ ಕೆರೆದು ಮುಳ್ಳು ಕೂದ್ಲು ಹಾರಿಸುತ್ತೆ, ಚರ್ಮಕ್ಕೆ ತುರಿಕೆ, ಕಣ್ಣಿಗೆ ಹೋದ್ರೆ ದೊಡ್ಡ ತೊಂದ್ರೆ. 2009ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಒಬ್ಬರು ಚಿಲಿಯನ್ ರೋಸ್ ಟ್ಯಾಂಕ್‌ನ ಗಾಜು ತಿಕ್ಕುತಾ ಇದ್ರು, ಹಿಂದೆ ಏನೋ ಅಲ್ಲಾಡ್ತು ಅಂತ ತಿರುಗಿದ್ದಕ್ಕೆ ಮುಖಕ್ಕೆ ಕೂದ್ಲು ಹಾರಿತು. ಕಣ್ಣು ಕೆಂಪಾಗಿ ವಾರಗಟ್ಲೆ ವಾಸಿಯಾಗ್ಲಿಲ್ಲ, ಡಾಕ್ಟ್ರು ದೊಡ್ಡದು ಮಾಡಿ ನೋಡಿದ್ರೆ ಕಾರ್ನಿಯಾದಲ್ಲಿ ಕೂದ್ಲುಗಳು ಚುಚ್ಕೊಂಡು ಕೂತಿದ್ವು, ಕೀಳೋಕೂ ಆಗದಷ್ಟು ಸಣ್ಣವು. ಇಷ್ಟೆಲ್ಲಾ ಸಾಧು ಅಂತ ಹೆಸರಾದ ಜಾತಿಯಿಂದ. ಹಾಗಾಗಿ ಟ್ಯಾಂಕ್ ಕ್ಲೀನ್ ಮಾಡುವಾಗ ಕನ್ನಡಕ ಹಾಕ್ಕೊಳ್ಳಿ, ಆಮೇಲೆ ಕೈ ತೊಳೆಯೋವರೆಗೂ ಕಣ್ಣು ಉಜ್ಜಬೇಡಿ. ಏಷ್ಯಾ, ಆಫ್ರಿಕಾ ಕಡೆ ಜಾತಿಗಳಿಗೆ ಈ ಕೂದ್ಲಿಲ್ಲ, ಅದರ ಬದಲು ಮಿಂಚಿನ ಓಟ, ಕಚ್ಚಿದ್ರೆ ಜೋರು ನೋವು. ಅವುಗಳಲ್ಲಿ ಪೋಸಿಲೋಥೇರಿಯಾ ಅನ್ನೋ ಕುಲದ್ದು ಕಚ್ಚಿ ದಿನಗಟ್ಲೆ ಸ್ನಾಯು ಸೆಳೆತ ಬಂದು ಆಸ್ಪತ್ರೆ ಸೇರಿದೋರಿದಾರೆ. ಹೊಸಬರಿಗೆ ಅವು ಬೇಡ. ಜಾಗ ಬದಲಾಯಿಸೋಕೆ ಪಾರದರ್ಶಕ ಡಬ್ಬಿ ಮುಂದಿಟ್ಟು ಹಿಂದಿಂದ ಮೆತ್ತನೆ ಬ್ರಷ್‌ನಿಂದ ಮೆಲ್ಲಗೆ ಮುಟ್ಟಿದ್ರೆ ತಾನೇ ಒಳಗೆ ನಡ್ಕೊಂಡು ಹೋಗುತ್ತೆ.

ಕಾಯಿಲೆಗಳಲ್ಲಿ ನಾನು ಹೆದರೋದು ದುಂಡುಹುಳಕ್ಕೆ, ನೆಮಟೋಡ್ ಅಂತಾರೆ. ಬಾಯಿ ಸುತ್ತ ಬೆಳ್ಳಗೆ ಗಂಜಿ ತರ ಕಾಣುತ್ತೆ, ಜೇಡ ತಿನ್ನೋದು ಬಿಡುತ್ತೆ, ಓಲಾಡುತ್ತೆ, ವಾಸನೆ ಬರುತ್ತೆ. ಕ್ಯಾಲಿಫೋರ್ನಿಯಾದಲ್ಲಿ ಸಾಕಿದ ಟರಾಂಟುಲಾಗಳ ಬಾಯಲ್ಲಿ ಸಿಕ್ಕ ಇಂಥದ್ದೊಂದು ಹುಳಕ್ಕೆ 2022ರಲ್ಲಿ ಟರಾಂಟೊಬೆಲಸ್ ಜೆಫ್‌ಡೇನಿಯಲ್ಸಿ ಅಂತ ಹೆಸರಿಟ್ರು. ಇದಕ್ಕೆ ನಂಬಿಕೆಯ ಔಷಧಿ ಇಲ್ಲ, ಬೇರೆ ಜೇಡಗಳಿಂದ ದೂರ ಇಡೋದು, ಅದಕ್ಕೆ ಬಳಸಿದ ಚಿಮಟ ಇನ್ನೊಂದಕ್ಕೆ ಬಳಸದೇ ಇರೋದು, ಅಷ್ಟೇ. ಇನ್ನೊಂದು ಶತ್ರು ನಮ್ಮ ಕೈಯಲ್ಲೇ ಇರುತ್ತೆ: ಸೊಳ್ಳೆ ಲಿಕ್ವಿಡ್, ಕಾಯಿಲ್, ಜಿರಳೆ ಸ್ಪ್ರೇ, ನಾಯಿಗೆ ಹಚ್ಚೋ ಉಣ್ಣಿ ಔಷಧಿ. ಇವೆಲ್ಲ ಹುಳ ಕೊಲ್ಲೋಕೇ ಮಾಡಿರೋದು, ನಮ್ಮ ಜೇಡ ಅದಕ್ಕೆ ಬೇರೆ ಅಂತ ಗೊತ್ತಾಗಲ್ಲ. ನಾಯಿಗೆ ಔಷಧಿ ಹಚ್ಚಿದ ಕೈಯಲ್ಲಿ ನೀರಿನ ಬಟ್ಲು ತೊಳೀಬೇಡಿ.

ಮತ್ತೆ ಎಲ್ಲಿಂದ ತರ್ತೀರಿ ಅನ್ನೋದು. ದಯವಿಟ್ಟು ಸಾಕಿದ ಜೇಡಕ್ಕೆ ಹುಟ್ಟಿದ ಮರಿಯನ್ನೇ ತಗೊಳ್ಳಿ, ಕಾಡಿಂದ ಹಿಡಿದಿದ್ದು ಬೇಡ. ಮೆಕ್ಸಿಕನ್ ರೆಡ್ ನೀ ಜೇಡಾನ ಹಿಡಿದು ಹಿಡಿದು ಮಾರಿದ್ದಕ್ಕೇ 1985ರಲ್ಲಿ ಅದನ್ನ ಸೈಟಿಸ್, ಅಂದ್ರೆ ಅಪಾಯದಲ್ಲಿರೋ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕೋ ಒಪ್ಪಂದದ ಪಟ್ಟಿಗೆ ಸೇರಿಸ್ಬೇಕಾಯ್ತು, ಪೋಸಿಲೋಥೇರಿಯಾ ಇಡೀ ಕುಲ 2019ರಲ್ಲಿ ಸೇರಿತು. ಆ ಕುಲದ ನೀಲಿ ಜೇಡ, ಪೋಸಿಲೋಥೇರಿಯಾ ಮೆಟಾಲಿಕಾ, 1899ರಲ್ಲಿ ವಿಜ್ಞಾನಕ್ಕೆ ಗೊತ್ತಾಗಿದ್ದು ಮತ್ತೆ ಕಾಡಲ್ಲಿ ಸಿಕ್ಕಿದ್ದು ನೂರು ವರ್ಷ ದಾಟಿದ್ಮೇಲೆ, ಅದೂ ಆಂಧ್ರದ ಪೂರ್ವಘಟ್ಟದ ಒಂದು ಸಣ್ಣ ಕಾಡಿನ ತುಣುಕಲ್ಲಿ, ಆ ಕಾಡೂ ಕಮ್ಮಿ ಆಗ್ತಾ ಇದೆ. ಹತ್ತಾರು ವರ್ಷ ಬದುಕೋ ಹೆಣ್ಣುಗಳನ್ನ ಅಂಥ ಕಡೆಯಿಂದ ಎತ್ಕೊಂಡು ಬಂದ್ರೆ ಮತ್ತೆ ತುಂಬೋಕೆ ಎಷ್ಟು ಕಾಲ ಬೇಕು ಯೋಚ್ನೆ ಮಾಡಿ. ನಿಮ್ಮ ದೇಶದ ಕಾನೂನು ಯಾವ ಜಾತಿಗೆ ಏನು ಹೇಳುತ್ತೆ ಅನ್ನೋದನ್ನೂ ಮೊದ್ಲೇ ವಿಚಾರಿಸಿ.

ಕೊನೇಲಿ ಒಬ್ರು ಕೇಳಿದ್ದು, ಎರಡು ವಾರ ಊರಲ್ಲಿರಲ್ಲ, ಯಾರ ಹತ್ರ ಊಟ ಹಾಕಿಸ್ಲಿ ಅಂತ. ಬೆಳೆದ ಜೇಡ ಆದ್ರೆ ಯಾರ ಹತ್ರನೂ ಬೇಡ. ಹೋಗೋಕೆ ಮುಂಚೆ ಉಳಿದ ಹುಳ, ಬೋಲಸ್ ಎಲ್ಲಾ ತೆಗೆದು, ಮಾಮೂಲಿಗಿಂತ ದೊಡ್ಡ ಬಟ್ಲಲ್ಲಿ ನೀರು ತುಂಬಿಸಿ, ಬಿಸಿಲು ಬೀಳದ ಕಡೆ ಇಟ್ಟು ಹೋಗಿ. ಇರ್ಲಿ ಪಾಪ ಅಂತ ನಾಲ್ಕು ಕ್ರಿಕೆಟ್ ಬಿಟ್ಟು ಹೋಗ್ಬೇಡಿ. ಚಿಕ್ಕ ಮರಿ ಇದ್ರೆ ಮಾತ್ರ ನಂಬಿಕೆ ಇರೋರಿಗೆ ಹೇಳಿ, ವಾರಕ್ಕೆರಡು ಸಲ ಮೂಲೆಗೆ ನಾಲ್ಕೈದು ಹನಿ ನೀರು ಬಿಟ್ಟು ಮುಚ್ಚಳ ಸರಿಯಾಗಿ ಹಾಕೋಕೆ.